ರಾಕೆಟ್ ಹಾರದ ದಿನ ನಾನೇನು ಮಾಡುತ್ತೇನೆ

ರಾಕೆಟ್ ಹಾರದಿದ್ದರೆ ನನಗೆ ದುಡ್ಡಿಲ್ಲ. ಖಾಸಗಿ ಬಾಹ್ಯಾಕಾಶ ಕಂಪನಿಗಳ ಬಗ್ಗೆ ಬರೆಯುವ ಫ್ರೀಲಾನ್ಸ್ ಪತ್ರಕರ್ತರ ಪಾಡು ಇಷ್ಟೇ. ಸಂಪಾದಕರು ಒಪ್ಪಿಕೊಂಡಿರುವುದು ಉಡಾವಣೆಯ ಸುದ್ದಿಗೆ. ನಾನು ಮೂರು ದಿನ ಓದಿ, ಹಿನ್ನೆಲೆಯೆಲ್ಲ ಬರೆದಿಟ್ಟು, ಅಪರಾತ್ರಿಗೆ ಅಲಾರಂ ಇಟ್ಟು ಎದ್ದು, ಕಣ್ಣುಜ್ಜಿಕೊಂಡು ನೇರಪ್ರಸಾರದ ಮುಂದೆ ಕೂತಿರುತ್ತೇನೆ. ರಾಕೆಟ್ಟಿನ ಪಕ್ಕದಿಂದ ಬಿಳಿ ಹಬೆ ಏಳುತ್ತಿರುತ್ತದೆ. ಅದು ಹೊಗೆಯಲ್ಲ. ಒಳಗಿನ ದ್ರವ ಆಮ್ಲಜನಕ ಕುದಿದು ಹೊರಬಂದ ತಣ್ಣನೆಯ ಅನಿಲ, ಹೊರಗಿನ ಗಾಳಿಯ ತೇವವನ್ನು ಮಂಜು ಮಾಡುತ್ತಿರುವುದು. ಎಣಿಕೆ ನಲವತ್ತು ಸೆಕೆಂಡಿಗೆ ಇಳಿಯುತ್ತದೆ. ಯಾರೋ ಒಬ್ಬರು ಏನೂ ಆಗದವರ ಹಾಗೆ "ಹೋಲ್ಡ್, ಹೋಲ್ಡ್, ಹೋಲ್ಡ್" ಅನ್ನುತ್ತಾರೆ. ಅಲ್ಲಿಗೆ ಆವತ್ತಿನ ಕತೆ ಮುಗಿಯಿತು. ಲ್ಯಾಪ್‌ಟಾಪ್ ಮುಚ್ಚಿದರೂ ನಿದ್ದೆ ಬರುವುದಿಲ್ಲ, ಅದು ಬೇರೆ ಮಾತು.

ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ಖಾಸಗಿ ಯಾತ್ರೆ, ಆಕ್ಸಿಯಂ-4, ನೆನಪಿದೆ ಅಲ್ವಾ? 2025ರ ಮೇ 29ಕ್ಕೆ ಅಂದಿದ್ದು. ಹಾರಿದ್ದು ಜೂನ್ 25ಕ್ಕೆ. ಮಧ್ಯದಲ್ಲಿ ಒಮ್ಮೆ ಹವಾಮಾನ ಸರಿಯಿಲ್ಲ ಅಂದರು, ಒಮ್ಮೆ ಅದನ್ನು ಒಯ್ಯಬೇಕಿದ್ದ ಸ್ಪೇಸ್‌ಎಕ್ಸ್ ರಾಕೆಟ್ ಫಾಲ್ಕನ್ 9ರ ಬೂಸ್ಟರಿನಲ್ಲಿ, ಅಂದರೆ ಕೆಳಗಿನ ಹಂತದಲ್ಲಿ, ದ್ರವ ಆಮ್ಲಜನಕ ಸೋರುತ್ತಿದೆ ಅಂದರು, ಆಮೇಲೆ ಬಾಹ್ಯಾಕಾಶ ನಿಲ್ದಾಣದ ರಷ್ಯನ್ ಭಾಗದಲ್ಲಿ ಗಾಳಿ ಸೋರಿಕೆಯ ವಿಷಯ ಬಂತು. ಪ್ರತಿ ಸಲವೂ ನನ್ನ ಫೈಲಿನಲ್ಲಿ ಅದೇ ಮೊದಲ ಪ್ಯಾರಾ, ದಿನಾಂಕ ಮಾತ್ರ ಹೊಸದು. ಸಂಬಳ ಬರುವ ವರದಿಗಾರರಿಗೆ ಇದು ಬರೀ ಬೇಜಾರು. ನನಗೆ ಅದು ನಾಲ್ಕು ವಾರ ಬೇರೆ ಕೆಲಸಕ್ಕೂ ಕೈ ಹಾಕಲಾಗದೆ, ಇದರ ಬಿಲ್ಲೂ ಕಳಿಸಲಾಗದೆ ಕಾದದ್ದು.

ಈ ಕೆಲಸ ಅಂದರೆ ಬೆಂಕಿ ಉಗುಳುತ್ತಾ ಮೇಲೇರುವ ರಾಕೆಟ್ ನೋಡಿ ವರ್ಣಿಸುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡು ಬಂದವನೇ. ಆದರೆ ಬೆಂಕಿ ಎಲ್ಲರಿಗೂ ಕಾಣುತ್ತದೆ, ಅದಕ್ಕೆ ನಾನು ಬೇಕಾಗಿಲ್ಲ. ನನ್ನ ಹೊಟ್ಟೆಪಾಡು ನಡೆಯುವುದು ಹಾರದ ದಿನಗಳಲ್ಲಿ, ಯಾರೂ ನೋಡದ ಕಾಗದಗಳಲ್ಲಿ. ಇದು ಅರ್ಥವಾಗಲು ನನಗೆ ಕೆಲವು ವರ್ಷ ಮತ್ತು ಒಂದೆರಡು ಮುಖಭಂಗ ಬೇಕಾಯಿತು.

ಸರ್ಕಾರಿ ಸಂಸ್ಥೆಯಾದರೆ ಒಂದು ಅನುಕೂಲ ಇದೆ. ನಾಸಾ ಜನರ ದುಡ್ಡಿನಲ್ಲಿ ನಡೆಯುತ್ತದೆ, ಕೇಳಿದರೆ ಉತ್ತರ ಕೊಡಬೇಕು, ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. ಖಾಸಗಿ ಕಂಪನಿಗೆ ಆ ಹಂಗಿಲ್ಲ. 2014ರಲ್ಲಿ ಗಗನಯಾತ್ರಿಗಳನ್ನು ನಿಲ್ದಾಣಕ್ಕೆ ಒಯ್ಯುವ ಕೆಲಸವನ್ನು ನಾಸಾ ಎರಡು ಕಂಪನಿಗಳಿಗೆ ವಹಿಸಿತು, ಬೋಯಿಂಗ್‌ಗೆ 420 ಕೋಟಿ ಡಾಲರ್, ಸ್ಪೇಸ್‌ಎಕ್ಸ್‌ಗೆ 260 ಕೋಟಿ. ಮೊದಲೆಲ್ಲ ನಾಸಾ ನೌಕೆಯನ್ನೇ ಕೊಳ್ಳುತ್ತಿತ್ತು. ಈಗ ಟ್ಯಾಕ್ಸಿಗೆ ಬಾಡಿಗೆ ಕೊಡುವ ಹಾಗೆ ಪ್ರಯಾಣವನ್ನು ಕೊಳ್ಳುತ್ತದೆ. ಗಾಡಿ ಕಂಪನಿಯದ್ದೇ. ಅದರ ಎಂಜಿನ್ ಕೆಟ್ಟರೆ ಏನು ಕೆಟ್ಟಿತು ಅನ್ನುವುದೂ ಅವರ ಸ್ವತ್ತು. ನಾಸಾದವರನ್ನು ಕೇಳಿದರೆ ಕಂಪನಿಯನ್ನು ಕೇಳಿ ಅನ್ನುತ್ತಾರೆ, ಕಂಪನಿಯನ್ನು ಕೇಳಿದರೆ ಅದು ವ್ಯಾಪಾರದ ಗುಟ್ಟು ಅನ್ನುತ್ತಾರೆ, ಅದೂ ಆಗದಿದ್ದರೆ ರಾಕೆಟ್ ತಂತ್ರಜ್ಞಾನ ಹೊರಗೆ ಹೋಗಬಾರದೆಂಬ ರಫ್ತು ಕಾನೂನನ್ನು ಅಡ್ಡ ಇಡುತ್ತಾರೆ. ಕೆಲವೊಮ್ಮೆ ಅದು ನಿಜವೇ. ಕೆಲವೊಮ್ಮೆ ಸುಮ್ನೆ ಬಾಗಿಲು ಹಾಕಿಕೊಳ್ಳಲು ಸಿಕ್ಕ ಚಿಲಕ.

2019ರ ಏಪ್ರಿಲ್ 20. ಆ ದಿನ ಒಂದು ಫೋಟೋ ನನ್ನ ಫೋನಿಗೆ ಬಂತು. ಫ್ಲಾರಿಡಾದ ಕಡಲತೀರ, ಸರ್ಫಿಂಗ್ ಉತ್ಸವಕ್ಕೆ ಬಂದ ಜನ, ದೂರದಲ್ಲಿ ಕೇಪ್ ಕೆನಾವೆರಲ್ ಕಡೆಯಿಂದ ಏಳುತ್ತಿರುವ ಕಿತ್ತಳೆ ಬಣ್ಣದ ಹೊಗೆ. ಸ್ಥಳೀಯ ಪತ್ರಿಕೆಯ ಫೋಟೋಗ್ರಾಫರ್ ಒಬ್ಬರು ಸರ್ಫಿಂಗ್ ಸುದ್ದಿಗೆ ಹೋದವರು ಅದನ್ನು ತೆಗೆದಿದ್ದರು. ಅಧಿಕೃತವಾಗಿ ಬಂದ ಹೇಳಿಕೆ ಎರಡು ಮೂರು ಸಾಲು: ಸ್ಪೇಸ್‌ಎಕ್ಸ್‌ನ ಗಗನಯಾತ್ರಿ ನೌಕೆ ಕ್ರೂ ಡ್ರಾಗನ್‌ನ ಎಂಜಿನ್ ಪರೀಕ್ಷೆಯ ವೇಳೆ "ಅನಾಮಲಿ" ಆಗಿದೆ.

ಆ ಕಿತ್ತಳೆ ಬಣ್ಣ ಒಂದು ಸಾಕು. ಮಾಮೂಲಿ ಇಂಧನ ಉರಿದರೆ ಕಪ್ಪು ಹೊಗೆ ಬರುತ್ತದೆ, ಹೈಡ್ರೋಜನ್ ಉರಿದರೆ ಬಿಳಿ ಹಬೆ. ಕಿತ್ತಳೆ-ಕೆಂಪು ಮೋಡ ಬಂತು ಅಂದರೆ ಅದು ನೈಟ್ರೋಜನ್ ಟೆಟ್ರಾಕ್ಸೈಡ್. ತುಂಬಾ ವಿಷ. ಅಪಾಯ ಬಂದಾಗ ನೌಕೆ ರಾಕೆಟ್ಟಿನಿಂದ ಪಾರಾಗಲು ಇರುವ ಎಂಜಿನ್‌ಗಳಿಗೆ ಅದನ್ನೇ ಬಳಸುತ್ತಾರೆ, ಯಾಕೆಂದರೆ ಜೊತೆಗಾರ ಇಂಧನವನ್ನು ಮುಟ್ಟಿದ ತಕ್ಷಣ ಕಿಡಿ ಇಲ್ಲದೆಯೇ ಹೊತ್ತಿಕೊಳ್ಳುತ್ತದೆ. ಅಷ್ಟು ದೊಡ್ಡ ಮೋಡ ಆಕಾಶದಲ್ಲಿ ಇದೆ ಅಂದಮೇಲೆ ಟ್ಯಾಂಕ್ ಒಡೆದಿದೆ, ಟ್ಯಾಂಕ್ ಒಡೆದಿದ್ದರೆ ನೌಕೆ ಉಳಿದಿರುವುದು ಕಷ್ಟ. ಇದು ಫೋಟೋ ನೋಡಿದವರಿಗೆ ಅದೇ ಮಧ್ಯಾಹ್ನ ಗೊತ್ತಾಯಿತು. ನೌಕೆ ನಾಶವಾಗಿದೆ ಅಂತ ಕಂಪನಿ ಬಾಯಿಬಿಟ್ಟು ಹೇಳಿದ್ದು ಮೇ 2ಕ್ಕೆ, ಹನ್ನೆರಡು ದಿನ ಕಳೆದ ಮೇಲೆ. ಜುಲೈನಲ್ಲಿ ಕಾರಣವನ್ನೂ ಹೇಳಿದರು: ಅದೇ ಟೆಟ್ರಾಕ್ಸೈಡ್ ಸ್ವಲ್ಪ ಹೀಲಿಯಂ ಕೊಳವೆಯೊಳಗೆ ಸೋರಿ ಕೂತಿತ್ತು, ಒತ್ತಡ ಬಿಟ್ಟಾಗ ಅದು ಗುಂಡಿನ ಹಾಗೆ ನುಗ್ಗಿ ಟೈಟಾನಿಯಂ ವಾಲ್ವ್‌ಗೆ ಬಡಿಯಿತು, ಟೈಟಾನಿಯಂ ಹೊತ್ತಿಕೊಂಡಿತು. ಲೋಹವೇ ಹೊತ್ತಿಕೊಳ್ಳುತ್ತದೆ ಅನ್ನುವುದನ್ನು ಓದಿ ನಾನು ಎರಡು ಸಲ ಕಣ್ಣುಜ್ಜಿಕೊಂಡಿದ್ದೆ. ಒಳ್ಳೆಯ ತನಿಖೆ, ಒಳ್ಳೆಯ ವಿವರಣೆ. ಆದರೆ ಆ ಫೋಟೋ ಇಲ್ಲದಿದ್ದರೆ ಮೊದಲ ಹನ್ನೆರಡು ದಿನ ನಮ್ಮೆಲ್ಲರ ಕೈಯಲ್ಲಿ ಇದ್ದದ್ದು "ಅನಾಮಲಿ" ಒಂದೇ.

ಈ ಪದದ ಜೊತೆ ನನಗೆ ಹಳೇ ಜಗಳ. ಕನ್ನಡದಲ್ಲಿ ಬರೆಯುವಾಗ ಏನು ಹಾಕುವುದು? "ವೈಪರೀತ್ಯ" ಅಂತ ಹಾಕಿದರೆ ಹವಾಮಾನ ವರದಿ ಓದಿದ ಹಾಗಾಗುತ್ತದೆ. "ಅಸಹಜತೆ" ಅಂದರೆ ಯಾರಿಗೋ ಹುಷಾರಿಲ್ಲ ಅನ್ನಿಸುತ್ತದೆ. ನಾನು ಒಮ್ಮೆ "ಎಡವಟ್ಟು" ಅಂತ ಬರೆದೆ, ಸಂಪಾದಕರು ಅದು ತೀರಾ ಹಗುರವಾಯಿತು ಅಂದರು. ಇಲ್ಲ ಸರ್, ಅವರ ಪದವೇ ಹಗುರ, ನಮ್ಮದು ಸರಿಯಾಗಿಯೇ ಇದೆ ಅಂದೆ. ಒಪ್ಪಲಿಲ್ಲ. 2023ರ ಏಪ್ರಿಲ್ 20ರಂದು ಸ್ಪೇಸ್‌ಎಕ್ಸ್‌ನ ದೈತ್ಯ ರಾಕೆಟ್ ಸ್ಟಾರ್‌ಶಿಪ್ ಮೊದಲ ಸಲ ಹಾರಿ ನಾಲ್ಕು ನಿಮಿಷದಲ್ಲಿ ಚೂರಾದಾಗ ಕಂಪನಿಯವರು ತಮಾಷೆಯಾಗಿ "ದಿಢೀರನೆ, ಯೋಜನೆಯಿಲ್ಲದೆ ಬಿಡಿಭಾಗ ಆಯಿತು" ಅನ್ನುವ ಅರ್ಥದ ಪದ ಬಳಸಿದರು. ನಿರೂಪಕರು ಚಪ್ಪಾಳೆ ತಟ್ಟುತ್ತಿದ್ದರು. ಪರೀಕ್ಷಾ ಹಾರಾಟ, ಅದರಿಂದ ಕಲಿಯುವುದಿದೆ ಅನ್ನುವುದು ಸುಳ್ಳಲ್ಲ. ಆದರೆ ಕೆಳಗೆ ಉಡಾವಣಾ ಕಟ್ಟೆಯ ಕಾಂಕ್ರೀಟು ಎದ್ದು ಹೋಗಿ ತುಂಡುಗಳು ದೂರದೂರಕ್ಕೆ ಸಿಡಿದಿದ್ದವು, ಹತ್ತು ಕಿಲೋಮೀಟರ್ ಆಚೆಯ ಊರಿನ ಕಾರುಗಳ ಮೇಲೆ ಧೂಳು ಬಿದ್ದಿತ್ತು. ಆ ವಾರದ ಸುದ್ದಿ ಆಕಾಶದಲ್ಲಿರಲಿಲ್ಲ, ನೆಲದ ಮೇಲಿತ್ತು. ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ಸೆಪ್ಟೆಂಬರಿನಲ್ಲಿ 63 ತಿದ್ದುಪಡಿಗಳ ಪಟ್ಟಿ ಮುಂದಿಟ್ಟಿತು. ಆ 63 ಅನ್ನುವ ಅಂಕಿ ನನ್ನ ಲೇಖನಕ್ಕೆ ಸ್ಫೋಟದ ವಿಡಿಯೋಗಿಂತ ಜಾಸ್ತಿ ಉಪಯೋಗಕ್ಕೆ ಬಂತು.

ಸರಿ, ಕಂಪನಿ ಬಾಯಿ ಬಿಡದಿದ್ದರೆ ಎಲ್ಲಿ ಹುಡುಕುವುದು? ಬೇಜಾರಿನ ಜಾಗಗಳಲ್ಲಿ. ನನಗೆ ಇದನ್ನು ಕಲಿಸಿದ್ದು ಬೋಯಿಂಗ್‌ನ ಗಗನಯಾತ್ರಿ ನೌಕೆ ಸ್ಟಾರ್‌ಲೈನರ್. 2019ರ ಡಿಸೆಂಬರಿನಲ್ಲಿ ಅದು ಜನರಿಲ್ಲದೆ ಮೊದಲ ಸಲ ಹಾರಿತು. ನೌಕೆಯ ಗಡಿಯಾರ ರಾಕೆಟ್ಟಿನಿಂದ ತಪ್ಪು ಸಮಯ ತೆಗೆದುಕೊಂಡು ಹನ್ನೊಂದು ಗಂಟೆ ಹಿಂದುಮುಂದಾಗಿತ್ತು, ಅದರಿಂದ ಸುಮ್ಮನೆ ಇಂಧನ ಸುಟ್ಟುಕೊಂಡು ನಿಲ್ದಾಣ ತಲುಪಲಾಗದೆ ಎರಡು ದಿನದಲ್ಲಿ ವಾಪಸ್ ಬಂತು. ಇಷ್ಟನ್ನೂ ಪತ್ರಿಕಾಗೋಷ್ಠಿಯಲ್ಲೇ ಹೇಳಿದರು, ನಾವೆಲ್ಲ ಬರೆದೆವು, ಮುಗಿಯಿತು ಅಂದುಕೊಂಡೆವು.

ಮುಂದಿನ ಫೆಬ್ರವರಿ ಆರರಂದು ನಾಸಾದ ಸುರಕ್ಷತಾ ಸಲಹಾ ಸಮಿತಿಯ ಸಭೆ ಇತ್ತು. ಸಾರ್ವಜನಿಕರು ಫೋನಿನಲ್ಲಿ ಕೇಳಿಸಿಕೊಳ್ಳಬಹುದಾದ ಸಭೆ. ಸ್ಲೈಡ್ ಇಲ್ಲ, ಚಿತ್ರ ಇಲ್ಲ, ಒಬ್ಬರಾದಮೇಲೆ ಒಬ್ಬರು ಒಂದೇ ಏರಿಳಿತದಲ್ಲಿ ಓದುತ್ತಾರೆ. ಅಂಥದ್ದರಲ್ಲಿ ಒಬ್ಬ ಸದಸ್ಯರು ಎರಡನೇ ತಪ್ಪೂ ಇತ್ತು ಅಂದರು. ನೌಕೆ ಭೂಮಿಗೆ ಇಳಿಯುವ ಮೊದಲು ಹಿಂದಿನ ಸರ್ವಿಸ್ ಮಾಡ್ಯೂಲ್ ಕಳಚಿಕೊಂಡು ದೂರ ಸರಿಯಬೇಕು. ಅದರ ಪುಟ್ಟ ಎಂಜಿನ್‌ಗಳನ್ನು ನಡೆಸುವ ಸಾಫ್ಟ್‌ವೇರ್ ತಪ್ಪಾಗಿತ್ತು. ಹಾಗೇ ಬಿಟ್ಟಿದ್ದರೆ ಕಳಚಿದ ಭಾಗ ತಿರುಗಿ ಬಂದು ನೌಕೆಗೇ ಗುದ್ದಬಹುದಿತ್ತು. ಹಾರಾಟದಲ್ಲಿ ಇದ್ದಾಗಲೇ, ಇಳಿಯುವ ಕೆಲವು ಗಂಟೆ ಮೊದಲು ಅದನ್ನು ಹಿಡಿದು ಸರಿ ಮಾಡಿದ್ದರು. ಯಾರೂ ನಮಗೆ ಹೇಳಿರಲಿಲ್ಲ. ನಾನು ಆ ಸಭೆ ಕೇಳಿರಲಿಲ್ಲ. ನೀರಸ ಅಂತ ಬಿಟ್ಟಿದ್ದೆ. ಕೇಳಿಸಿಕೊಂಡ ಇಬ್ಬರು ಮೂವರು ವರದಿಗಾರರ ಸುದ್ದಿಯನ್ನು ಸಂಜೆ ಓದುತ್ತಾ ಹೊಟ್ಟೆ ಉರಿದುಕೊಂಡೆ. ಅಲ್ಲಿಂದ ಈಚೆಗೆ ಆ ಸಮಿತಿಯ ಒಂದು ಸಭೆಯನ್ನೂ ತಪ್ಪಿಸಿಲ್ಲ. ಬಟ್ಟೆ ಮಡಚುತ್ತಾ ಕೇಳುತ್ತೇನೆ, ಪಕ್ಕದಲ್ಲಿ ನೋಟ್‌ಬುಕ್ ತೆರೆದಿರುತ್ತದೆ.

ಷೇರುಪೇಟೆಯ ಕಾಗದಗಳೂ ಹಾಗೇ. ಕಂಪನಿ ಷೇರುಪೇಟೆಗೆ ಬಂದಿದ್ದರೆ ಹೂಡಿಕೆದಾರರಿಗೆ ನಿಜ ಹೇಳಲೇಬೇಕು, ಇಲ್ಲದಿದ್ದರೆ ಕೇಸು. ಪ್ರೆಸ್ ರಿಲೀಸಿನಲ್ಲಿ "ಬಾಹ್ಯಾಕಾಶದ ಹೊಸ ಯುಗ" ಅಂತ ಇದ್ದದ್ದು ಆ ಕಾಗದದ ಹೊತ್ತಿಗೆ "ನಮ್ಮ ಹತ್ತಿರದ ನಗದು ಸಾಕಾಗದೇ ಹೋಗಬಹುದು" ಅಂತ ಆಗಿರುತ್ತದೆ. ವರ್ಜಿನ್ ಆರ್ಬಿಟ್ ವಿಮಾನದ ರೆಕ್ಕೆಯಡಿಯಿಂದ ರಾಕೆಟ್ ಬಿಡುತ್ತಿದ್ದ ಕಂಪನಿ. 2023ರ ಜನವರಿಯಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಹೊರಟ ಅವರ ರಾಕೆಟ್ ಕಕ್ಷೆ ಸೇರಲಿಲ್ಲ. ಎರಡನೇ ಹಂತದ ಇಂಧನ ಕೊಳವೆಯಲ್ಲಿ ಒಂದು ಫಿಲ್ಟರ್ ಕಿತ್ತು ಬಂದಿತ್ತು. ಮಾರ್ಚ್ ಕೊನೆಗೆ ಷೇರುಪೇಟೆ ನಿಯಂತ್ರಕರಿಗೆ ಸಲ್ಲಿಸಿದ ಕಾಗದದಲ್ಲಿ ಸುಮಾರು 675 ಜನರನ್ನು, ಅಂದರೆ ನೂರಕ್ಕೆ 85 ಮಂದಿಯನ್ನು ಕೆಲಸದಿಂದ ತೆಗೆಯುತ್ತಿದ್ದೇವೆ ಅಂತ ಇತ್ತು. ಏಪ್ರಿಲ್ ಮೊದಲ ವಾರ ದಿವಾಳಿ. ಮೂರು ತಿಂಗಳು ಕೂಡ ಆಗಿರಲಿಲ್ಲ. ಒಂದು ಫಿಲ್ಟರಿಗೆ ಕಂಪನಿ ಮುಳುಗಿತು ಅಂತ ಬರೆಯಲು ಕೈ ತುರಿಸುತ್ತದೆ, ಆದರೆ ಹಾಗಲ್ಲ. ದುಡ್ಡು ಮೊದಲೇ ಕರಗುತ್ತಿತ್ತು. ಅದೂ ಆ ಕಾಗದಗಳಲ್ಲೇ ಇತ್ತು.

ಇವೆಲ್ಲ ಹೇಳುತ್ತಾ ನಾನೇನೋ ದೊಡ್ಡ ಜಾಣ ಅನ್ನಿಸುತ್ತಿದ್ದರೆ ತಡೆಯಿರಿ.

2014ರ ಅಕ್ಟೋಬರ್ 31ರಂದು ವರ್ಜಿನ್ ಗ್ಯಾಲಕ್ಟಿಕ್‌ಗಾಗಿ ಕಟ್ಟಿದ ರಾಕೆಟ್ ವಿಮಾನ ಸ್ಪೇಸ್‌ಶಿಪ್‌ಟು ಅಮೆರಿಕದ ಮೊಹಾವಿ ಮರುಭೂಮಿಯ ಮೇಲೆ ಗಾಳಿಯಲ್ಲೇ ಒಡೆದು ಬಿತ್ತು. ಸಹ ಪೈಲಟ್ ಮೈಕೆಲ್ ಆಲ್ಸ್‌ಬರಿ ತೀರಿಕೊಂಡರು. ಪೈಲಟ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ಆ ವರ್ಷ ಅದರ ಎಂಜಿನ್ನಿನ ಇಂಧನ ಬದಲಾಗಿತ್ತು, ರಬ್ಬರ್ ಜಾತಿಯದ್ದರ ಬದಲು ನೈಲಾನ್ ಜಾತಿಯದ್ದು, ಮತ್ತು ಹಾರಾಟದಲ್ಲಿ ಅದನ್ನು ಬಳಸಿದ್ದು ಅದೇ ಮೊದಲು. ಇನ್ನೇನು ಬೇಕು? ಎಲ್ಲರೂ ಎಂಜಿನ್ ಸಿಡಿದಿದೆ ಅಂದರು. ನನ್ನನ್ನು ಫೋನಿನಲ್ಲಿ ಹಿಡಿದ ಸಂಪಾದಕರೊಬ್ಬರು ಇನ್ನು ಎರಡು ಗಂಟೆಯಲ್ಲಿ "ಹೊಸ ಇಂಧನವೇ ಮುಳುವಾಯಿತೇ?" ಅನ್ನುವ ಲೇಖನ ಬೇಕು ಅಂದರು. ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಸಾಕಂತೆ, ಯಾರೂ ತಪ್ಪು ಅನ್ನುವುದಿಲ್ಲವಂತೆ. ನಾನು ಬರೆದೆ. ಪೂರ್ತಿ ಬರೆದೆ, ಆ ಇಂಧನವನ್ನು ಉರಿಸುವ ನೈಟ್ರಸ್ ಆಕ್ಸೈಡ್ ಯಾಕೆ ಅಪಾಯ ಅಂತ ಒಂದು ಚಂದದ ಪ್ಯಾರಾ ಕೂಡ ಇತ್ತು. ಕಳಿಸುವ ಹೊತ್ತಿಗೆ ಆ ಸಂಪಾದಕರೇ ಬೇರೆ ಯಾವುದೋ ಸುದ್ದಿಯಲ್ಲಿ ಮುಳುಗಿ ಇದನ್ನು ನಾಳೆಗೆ ತಳ್ಳಿದರು.

ಬಚಾವಾದೆ. ಎರಡು ದಿನದಲ್ಲಿ ತನಿಖಾ ಮಂಡಳಿಯವರು ಮರುಭೂಮಿಯಲ್ಲಿ ಎಂಜಿನ್, ಟ್ಯಾಂಕ್ ಎಲ್ಲ ಒಡೆಯದೆ ಸಿಕ್ಕಿವೆ ಅಂದರು. ಆಗಿದ್ದೇ ಬೇರೆ. ಆ ವಿಮಾನದ ಬಾಲದ ರೆಕ್ಕೆ ಮೇಲಕ್ಕೆ ಮಡಚಿಕೊಳ್ಳುತ್ತದೆ, ಶಟಲ್ ಕಾಕಿನ ಗರಿಗಳ ಹಾಗೆ, ವಾಪಸ್ ಇಳಿಯುವಾಗ ವೇಗ ತಗ್ಗಿಸಲು. ಅದರ ಬೀಗವನ್ನು ಶಬ್ದದ ವೇಗದ 1.4 ಪಟ್ಟು ದಾಟಿದ ಮೇಲೆ ತೆಗೆಯಬೇಕಿತ್ತು. ತೆಗೆದದ್ದು 0.8ರ ಆಸುಪಾಸಿನಲ್ಲಿ. ಆ ವೇಗದಲ್ಲಿ ಗಾಳಿಯೇ ಬಾಲವನ್ನು ಎತ್ತಿ ಮಡಚಿ ವಿಮಾನವನ್ನು ಮುರಿದು ಹಾಕಿತು. ಮುಂದಿನ ವರ್ಷದ ಅಂತಿಮ ವರದಿ ಸತ್ತವರ ಮೇಲೆ ಗೂಬೆ ಕೂರಿಸಿ ಕೈ ತೊಳೆದುಕೊಳ್ಳಲಿಲ್ಲ. ಒಬ್ಬ ಮನುಷ್ಯನ ಒಂದು ತಪ್ಪಿಗೆ ಇಡೀ ವಿಮಾನ ಹೋಗುವ ಹಾಗೆ ಯಾಕೆ ಕಟ್ಟಿದಿರಿ, ಹಾಗಾಗಬಹುದು ಅಂತ ಯಾಕೆ ಯೋಚಿಸಲಿಲ್ಲ ಅಂತ ಕಟ್ಟಿದವರನ್ನು ಕೇಳಿತು. ನನ್ನ ಆ ಪ್ರಕಟವಾಗದ ಲೇಖನ ಇನ್ನೂ ಒಂದು ಫೋಲ್ಡರಿನಲ್ಲಿದೆ. ಮೊದಲ ದಿನವೇ ಕಾರಣ ಬೇಕು ಅಂತ ಯಾರಾದರೂ ಫೋನ್ ಮಾಡಿದರೆ ಅದನ್ನು ತೆರೆದು ನೋಡುತ್ತೇನೆ.

ಪ್ರಕಟವಾದ ತಪ್ಪುಗಳೂ ಇವೆ. 2021ರ ಜುಲೈ 11ರಂದು ರಿಚರ್ಡ್ ಬ್ರಾನ್ಸನ್ ತಮ್ಮದೇ ಕಂಪನಿ ವರ್ಜಿನ್ ಗ್ಯಾಲಕ್ಟಿಕ್‌ನ ವಿಮಾನದಲ್ಲಿ ಹೋಗಿ ಬಂದರು. ನಾನು "ಒಂದು ಚೂರೂ ಲೋಪವಿಲ್ಲದ ಹಾರಾಟ" ಅಂತ ಬರೆದೆ. ಸೆಪ್ಟೆಂಬರಿನಲ್ಲಿ ಒಂದು ಪತ್ರಿಕೆ ಹೊರಗೆಡವಿತು: ವಾಪಸ್ ಬರುವಾಗ ಆ ವಿಮಾನ ತನಗೆ ಬಿಟ್ಟುಕೊಟ್ಟಿದ್ದ ವಾಯುಮಾರ್ಗದಿಂದ 1 ನಿಮಿಷ 41 ಸೆಕೆಂಡು ಹೊರಗಿತ್ತು. ಎಫ್‌ಎಎ ತನಿಖೆ ಮಾಡಿತು, ಸ್ವಲ್ಪ ದಿನ ಹಾರಾಟ ನಿಲ್ಲಿಸಿತು. ಜನ ನಗುತ್ತಾ ಇಳಿದರು ಅನ್ನುವುದೊಂದೇ ನನ್ನ "ಲೋಪವಿಲ್ಲ" ಅನ್ನುವುದಕ್ಕೆ ಆಧಾರವಾಗಿತ್ತು.

ಅದೇ ಜುಲೈನಲ್ಲಿ ಇನ್ನೊಂದು. ಜೆಫ್ ಬೆಜೋಸ್ ತಮ್ಮ ಕಂಪನಿ ಬ್ಲೂ ಒರಿಜಿನ್‌ನ ರಾಕೆಟ್ಟಿನಲ್ಲಿ ಹೋದ ಹಾರಾಟವನ್ನು ನಾನು ಒಂದು ಕಡೆ ಅವಸರದಲ್ಲಿ "ಕಕ್ಷೆಗೆ ಹೋಗಿ ಬಂದರು" ಅಂತ ಬರೆದುಬಿಟ್ಟೆ. ಓದುಗರೊಬ್ಬರು, ನಿವೃತ್ತ ಭೌತಶಾಸ್ತ್ರ ಮೇಷ್ಟ್ರು ಇರಬೇಕು, ಒಂದು ಪುಟ ಲೆಕ್ಕ ಕಳಿಸಿದರು, ಬೈಗುಳ ಇಲ್ಲ, ಬರೀ ಲೆಕ್ಕ. ನೂರು ಕಿಲೋಮೀಟರ್ ಎತ್ತರಕ್ಕೆ ನೆಗೆದು ಬೀಳಲು ಒಂದು ಕಿಲೋ ತೂಕಕ್ಕೆ ಸುಮಾರು 1 ಮೆಗಾಜೂಲ್ ಶಕ್ತಿ ಸಾಕು. ಅಲ್ಲೇ ಉಳಿದು ಭೂಮಿ ಸುತ್ತಬೇಕಾದರೆ ಸೆಕೆಂಡಿಗೆ 7.8 ಕಿಲೋಮೀಟರ್ ವೇಗ ಬೇಕು, ಅದಕ್ಕೆ ಸುಮಾರು 30 ಮೆಗಾಜೂಲ್. ಕಲ್ಲನ್ನು ಮೇಲಕ್ಕೆ ಎಸೆದು ಹಿಡಿಯುವುದಕ್ಕೂ, ಅದು ಕೆಳಗೆ ಬೀಳದ ಹಾಗೆ ಎಸೆಯುವುದಕ್ಕೂ ಇರುವ ವ್ಯತ್ಯಾಸ. "ಬಾಹ್ಯಾಕಾಶ ಪ್ರವಾಸ" ಅನ್ನುವ ಒಂದೇ ಪದದ ಕೆಳಗೆ ಇವೆರಡನ್ನೂ ಮಾರುತ್ತಾರೆ, ಹಾಗಾಗಿ ನಾವಾದರೂ ಬಿಡಿಸಿ ಹೇಳಬೇಕಲ್ಲ. ಮೇಷ್ಟ್ರಿಗೆ ಥ್ಯಾಂಕ್ಸ್ ಬರೆದೆ, ತಿದ್ದುಪಡಿ ಹಾಕಿಸಿದೆ.

ಪ್ರವಾಸ ಅಂದಾಗ ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ಎಷ್ಟು ಸಲ ಬರೆದರೂ ಓದುಗರು ನಂಬುವುದಿಲ್ಲ. ಅಮೆರಿಕದಲ್ಲಿ ಈ ನೌಕೆಗಳಲ್ಲಿ ದುಡ್ಡು ಕೊಟ್ಟು ಕೂರುವವರ ಸುರಕ್ಷತೆಗೆ ಎಫ್‌ಎಎ ನಿಯಮ ಮಾಡುವ ಹಾಗಿಲ್ಲ. ಕಾನೂನೇ ಕೈ ಕಟ್ಟಿದೆ. 2004ರಲ್ಲಿ, ಉದ್ಯಮ ಇನ್ನೂ ಎಳೆಯದು, ಸ್ವಲ್ಪ ಕಲಿಯಲಿ ಅಂತ ಎಂಟು ವರ್ಷಕ್ಕೆ ತಂದ ತಡೆ ಅದು. ಮತ್ತೆ ಮತ್ತೆ ಮುಂದೂಡಿ ಈಗ 2028ರ ಜನವರಿಗೆ ಬಂದು ನಿಂತಿದೆ. ಕೆಳಗೆ ನೆಲದ ಮೇಲೆ ಇರುವ ನಿಮ್ಮ ನಮ್ಮ ತಲೆ ಮೇಲೆ ಬೀಳಬಾರದು, ಅದನ್ನು ಎಫ್‌ಎಎ ನೋಡಿಕೊಳ್ಳುತ್ತದೆ. ಒಳಗೆ ಕೂತವರು ಮಾತ್ರ ಈ ವಾಹನ ಸುರಕ್ಷಿತ ಅಂತ ಸರ್ಕಾರ ಪ್ರಮಾಣಪತ್ರ ಕೊಟ್ಟಿಲ್ಲ ಅನ್ನುವುದು ತಿಳಿದಿದೆ ಅಂತ ಸಹಿ ಹಾಕಿ ಹತ್ತಬೇಕು. ಇದು ಸರಿಯೋ ತಪ್ಪೋ? ಹೊಸ ವಾಹನಕ್ಕೆ ಮೊದಲೇ ಬಿಗಿ ನಿಯಮ ಹಾಕಿದರೆ ಯಾರೂ ಏನೂ ಕಟ್ಟುವುದಿಲ್ಲ ಅನ್ನುವ ವಾದದಲ್ಲಿ ಹುರುಳಿದೆ. ಆದರೆ ಇಪ್ಪತ್ತು ವರ್ಷ ದಾಟಿದ ಮೇಲೂ ಎಳೆಯ ಮಗು ಅಂದರೆ ನನಗೆ ನಗು ಬರುತ್ತದೆ.

ದುಡ್ಡಿನ ವಿಷಯಕ್ಕೆ ವಾಪಸ್ ಬರೋಣ, ಶುರು ಮಾಡಿದ್ದೇ ಅಲ್ಲಿಂದ. ನಮ್ಮ ಕಸುಬಿನಲ್ಲಿ ಯಾರೂ ಜೋರಾಗಿ ಹೇಳದ ಒಂದು ಮಾತಿದೆ. ರಾಕೆಟ್ ಸಲೀಸಾಗಿ ಹಾರಿದರೆ ನನಗೆ ಒಂದು ಲೇಖನ. ಸಿಡಿದರೆ ಐದು. ಏನಾಯಿತು, ಯಾಕಾಯಿತು, ಮುಂದೇನು, ಯಾರ ಉಪಗ್ರಹ ಹೋಯಿತು, ವಿಮೆ ಇತ್ತೇ. ಎಣಿಕೆ ಹತ್ತಕ್ಕೆ ಇಳಿಯುವಾಗ ಒಳಗೆ ಎಲ್ಲೋ ಒಂದು ಮೂಲೆಯಲ್ಲಿ ಆ ಲೆಕ್ಕ ಓಡುತ್ತದೆ. ಜನರಿಲ್ಲದ ರಾಕೆಟ್ ಆದಾಗ ಮಾತ್ರ, ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಒಳಗೆ ಜನ ಇದ್ದರೆ ಅಂಗೈ ಬೆವರುತ್ತದೆ.

ಕಂಪನಿಗಳ ಕಡೆಯಿಂದ ಬರುವ ಆಮಿಷ ದೊಡ್ಡದಲ್ಲ, ಸಣ್ಣ ಸಣ್ಣದು. ಟೋಪಿ, ಟೀ ಶರ್ಟ್, ವಿಮಾನದ ಟಿಕೆಟ್, ಕಾರ್ಖಾನೆ ನೋಡಲು ಆಹ್ವಾನ. ಟಿಕೆಟ್ ನಾನು ತೆಗೆದುಕೊಳ್ಳುವುದಿಲ್ಲ. ಸಂಸ್ಥೆಯಲ್ಲಿ ಇರುವವರಿಗೆ ಅವರ ಸಂಸ್ಥೆ ದುಡ್ಡು ಹಾಕುತ್ತದೆ, ನಾನು ನನ್ನದೇ ಜೇಬಿನಿಂದ ಹಾಕಬೇಕು, ಹಾಗಾಗಿ ಹೆಚ್ಚಿನ ಉಡಾವಣೆಗಳನ್ನು ಪರದೆಯಲ್ಲೇ ನೋಡಿದ್ದೇನೆ, ನಾಚಿಕೆಯೇನಿಲ್ಲ. ಅದಕ್ಕಿಂತ ಸೂಕ್ಷ್ಮದ್ದು ಸಂದರ್ಶನ. ಒಂದು ಕಂಪನಿಯ ತಡಗಳ ಬಗ್ಗೆ ಸ್ವಲ್ಪ ಖಾರವಾಗಿ ಬರೆದಿದ್ದೆ. ಬರೆದದ್ದು ತಪ್ಪು ಅಂತ ಯಾರೂ ಹೇಳಲಿಲ್ಲ. ಆದರೆ ಅಲ್ಲಿಂದ ಮುಂದೆ ಎಂಟು ತಿಂಗಳು ನನ್ನ ಒಂದು ಮೇಲ್‌ಗೂ ಉತ್ತರ ಬರಲಿಲ್ಲ. ಬಯ್ಯುವುದಿಲ್ಲ, ಬೆದರಿಸುವುದಿಲ್ಲ. ಸುಮ್ಮನಿದ್ದುಬಿಡುತ್ತಾರೆ.

ಸಂಪಾದಕರ ಕಡೆಯದ್ದೂ ಹೇಳಿಬಿಡುತ್ತೇನೆ. ಒಂದು ವೆಬ್‌ಸೈಟ್ ಚಂದ್ರನಿಗೆ ಹೋಗುವ ಖಾಸಗಿ ಲ್ಯಾಂಡರ್‌ಗಳ ಬಗ್ಗೆ ನಾಲ್ಕು ಸಾವಿರ ಪದ ಬರೆಸಿತು. ಉಡಾವಣೆ ಮುಂದಕ್ಕೆ ಹೋಯಿತು, ಲೇಖನವೂ ಮುಂದಕ್ಕೆ ಹೋಯಿತು, ಅಷ್ಟರಲ್ಲಿ ಅವರ ವಿಜ್ಞಾನ ವಿಭಾಗವನ್ನೇ ಮುಚ್ಚಿದರು. ಕಿಲ್ ಫೀ ಅಂತ ಕೊಡುವುದು ರೂಢಿ, ಲೇಖನ ಹಾಕದಿದ್ದರೆ ಒಂದು ಪಾಲು. ಅದನ್ನು ಕೇಳಿ ಆರು ಮೇಲ್ ಹಾಕಿದೆ. ಆರನೆಯದು ವಾಪಸ್ ಬಂತು, ವಿಳಾಸ ಅಸ್ತಿತ್ವದಲ್ಲಿಲ್ಲ ಅಂತ. ಆ ಲೇಖನದ ಅರ್ಧ ಭಾಗ ಆಮೇಲೆ ಬೇರೆ ಕಡೆ ಕೆಲಸಕ್ಕೆ ಬಂತು, 2024ರ ಫೆಬ್ರವರಿಯಲ್ಲಿ ಒಡಿಸಿಯಸ್ ಚಂದ್ರನ ಮೇಲೆ ಇಳಿದಾಗ. ನೆಟ್ಟಗೆ ನಿಂತಿದೆ ಅಂತ ಮೊದಲ ದಿನ ಹೇಳಿದ ಕಂಪನಿ ಮರುದಿನ ಪಕ್ಕಕ್ಕೆ ವಾಲಿ ಬಿದ್ದಿದೆ ಅಂತ ತಾನೇ ಹೇಳಿತು. ಎತ್ತರ ಅಳೆಯುವ ಲೇಸರಿನ ಸುರಕ್ಷತಾ ಸ್ವಿಚ್ಚನ್ನು ಭೂಮಿ ಬಿಡುವ ಮುಂಚೆ ಬದಲಿಸಲು ಮರೆತಿದ್ದರು. ಅದನ್ನೂ ಮುಚ್ಚಿಡದೆ ಹೇಳಿದರು. ಹೀಗೆ ಹೇಳುವ ಕಂಪನಿಯ ಮುಂದಿನ ಮಾತನ್ನು ನಾನು ಸ್ವಲ್ಪ ಜಾಸ್ತಿ ನಂಬುತ್ತೇನೆ.

ನನ್ನ ಮೇಜಿನ ಮೇಲೆ ಒಂದು ಗೆರೆ ಹಾಕಿದ ನೋಟ್‌ಬುಕ್ ಇದೆ. ಎಡಗಡೆ ಕಂಪನಿ ಕೊಟ್ಟ ದಿನಾಂಕ, ಬಲಗಡೆ ನಿಜವಾಗಿ ಆದ ದಿನಾಂಕ. ವರ್ಜಿನ್ ಗ್ಯಾಲಕ್ಟಿಕ್: 2004ರಲ್ಲಿ ಇನ್ನು ಮೂರು ವರ್ಷದಲ್ಲಿ ಅಂದಿದ್ದು, ಮೊದಲ ವಾಣಿಜ್ಯ ಹಾರಾಟ 2023ರ ಜೂನ್ 29. ಬ್ಲೂ ಒರಿಜಿನ್‌ನ ದೊಡ್ಡ ರಾಕೆಟ್ ನ್ಯೂ ಗ್ಲೆನ್: 2020, ಹಾರಿದ್ದು 2025ರ ಜನವರಿ 16. ಸ್ಟಾರ್‌ಲೈನರ್ ಜನರನ್ನು ಹೊತ್ತು: 2017, ಹಾರಿದ್ದು 2024ರ ಜೂನ್ 5, ಮತ್ತು ಎಂಟು ದಿನಕ್ಕೆ ಅಂತ ಹೋದ ಇಬ್ಬರು ಬೇರೆ ನೌಕೆಯಲ್ಲಿ ವಾಪಸ್ ಬಂದದ್ದು 2025ರ ಮಾರ್ಚ್ 18ಕ್ಕೆ. ಕಲಾವಿದರನ್ನು ಚಂದ್ರನ ಸುತ್ತ ಕರೆದೊಯ್ಯುವ ಡಿಯರ್‌ಮೂನ್: 2023, ಬಲಗಡೆ ಖಾಲಿ, 2024ರಲ್ಲಿ ರದ್ದು. ತಡ ಮಾಡುವವರೆಲ್ಲ ಸುಳ್ಳುಗಾರರು ಅಂತ ಇದನ್ನು ಬರೆದಿಟ್ಟಿಲ್ಲ. 2015ರ ಡಿಸೆಂಬರಿನಲ್ಲಿ ಫಾಲ್ಕನ್ 9ರ ಬೂಸ್ಟರ್ ಮೊದಲ ಸಲ ನೆಟ್ಟಗೆ ಬಂದು ಇಳಿದಾಗ, ಇಳಿಸುವುದೇನೋ ಸರಿ, ಮತ್ತೆ ಹಾರಿಸಿ ಲಾಭ ಮಾಡುವುದು ಕನಸು ಅಂತ ನಾನು ಬರೆದಿದ್ದೆ. 2024ರಲ್ಲಿ ಅದೇ ಜಾತಿಯ ರಾಕೆಟ್ 130ಕ್ಕೂ ಜಾಸ್ತಿ ಸಲ ಹಾರಿತು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನನ್ನ ಭವಿಷ್ಯವಾಣಿಗಳಿಗೂ ಎರಡು ಕಾಲಂ ಇದೆ, ಅದನ್ನು ಯಾರಿಗೂ ತೋರಿಸುವುದಿಲ್ಲ.

ಎಡಗಡೆಯ ಕಾಲಂ ಪೆನ್ಸಿಲಿನಲ್ಲಿ ಬರೆಯುತ್ತೇನೆ. ಈ ವಾರದ್ದು ಸೋಮವಾರ ಇತ್ತು, ಬುಧವಾರ ಆಯಿತು, ಈಗ ಇವತ್ತು ರಾತ್ರಿ 3.10 ಅಂತಿದೆ. ಒರೆಸಿ ಒರೆಸಿ ಆ ಜಾಗದಲ್ಲಿ ಕಾಗದ ತೆಳುವಾಗಿ ಹಿಂದಿನ ಪುಟದ ಅಕ್ಷರ ಕಾಣುತ್ತಿದೆ. ಅಲಾರಂ 2.45ಕ್ಕೆ ಇಟ್ಟಿದ್ದೇನೆ.